ಯಾವ ಗೇಜಿನ ತಂತಿ?

ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ದಾಟಿ ಒಳಗೆ ಹೋದರೆ ಒಂದು ಓಣಿಯ ತುದಿಯಲ್ಲಿ ಅಪ್ಪನ ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್ಡಿನ ಅಕ್ಷರ ಅಳಿಸಿಹೋಗಿ ವರ್ಷಗಳಾದವು. ಹುಡುಕಿಕೊಂಡು ಬರುವವರು ವಾರ್ನಿಶ್ ವಾಸನೆ ಹಿಡಿದೇ ಬರುತ್ತಾರೆ. ಬೇಸಿಗೆ ಬಂತೆಂದರೆ ಕುಂದಗೋಳ, ಕಲಘಟಗಿ ಕಡೆಯ ರೈತರು ಸುಟ್ಟ ಪಂಪ್‌ಸೆಟ್ ಮೋಟರುಗಳನ್ನು ಟಂಟಂನಲ್ಲಿ ಹೇರಿಕೊಂಡು ಬಂದು ಬಾಗಿಲಲ್ಲಿ ಇಳಿಸುತ್ತಾರೆ. ಮೂರು ಫೇಸಿನಲ್ಲಿ ಒಂದು ಹೋಗಿದ್ದು ಗೊತ್ತಾಗದೆ ಮೋಟರ್ ಓಡಿಸಿರುತ್ತಾರೆ. ಉಳಿದೆರಡರ ಮೇಲೆ ಹೊರೆ ಬಿದ್ದು ಕಾಯಿಲ್ ಕಪ್ಪಾಗಿರುತ್ತದೆ. "ಮಿಸ್ತ್ರಿ, ನಾಳೆ ಕೊಡ್ರಿ, ಬೆಳಿ ಒಣಗಾಕತ್ತೈತಿ" ಎನ್ನುತ್ತಾರೆ. ಅಪ್ಪ ಮಾತಾಡದೆ ಮೋಟರಿನ ಮುಚ್ಚಳ ಬಿಚ್ಚುತ್ತಾನೆ.

ಸುಟ್ಟ ತಂತಿಯನ್ನು ಕಾಯಿಸಿ, ಉಳಿ ಹೊಡೆದು ಹೊರಗೆಳೆಯುವ ಮೊದಲು ಅವನು ಒಂದು ದಪ್ಪ ರಟ್ಟಿನ ರಜಿಸ್ಟರಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಎಷ್ಟು ಎಚ್.ಪಿ., ಎಷ್ಟು ಸ್ಲಾಟ್, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು. ಕೊನೆಯ ಕಾಲಂ ಷರಾ. ಸಣ್ಣವನಿದ್ದಾಗ ನನಗೆ ಆ ಅಂಗಡಿಯಲ್ಲಿ ಎರಡು ಕೆಲಸ. ಒಂದು, ಸುತ್ತು ಎಣಿಸುವುದು. ಇನ್ನೊಂದು, ಜಾಯಿಂಟ್ ಹಾಕುವ ಮೊದಲು ತಂತಿಯ ತುದಿಯ ಎನಾಮಲ್ಲನ್ನು ಬ್ಲೇಡಿನಿಂದ ಕೆರೆಯುವುದು. ತಾಮ್ರದ ತಂತಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎನಾಮಲ್ ಲೇಪ ಇರುತ್ತದೆ. ಅದಿರುವುದರಿಂದಲೇ ಒಂದಕ್ಕೊಂದು ಅಂಟಿಕೊಂಡು ಕೂತ ನೂರಾರು ಸುತ್ತುಗಳು ಶಾರ್ಟ್ ಆಗುವುದಿಲ್ಲ. ಆದರೆ ತುದಿಯಲ್ಲಿ ಅದನ್ನು ಕೆರೆಯದಿದ್ದರೆ ಬೆಸುಗೆ ಹಾಕಿದರೂ ಕರೆಂಟ್ ಹರಿಯುವುದಿಲ್ಲ. ನಾನು ಒಮ್ಮೆ ಅರ್ಧಮರ್ಧ ಕೆರೆದು ಕೊಟ್ಟಿದ್ದೆ. ಸೀರೀಸ್ ಲ್ಯಾಂಪ್ ಹಚ್ಚಿ ನೋಡಿದಾಗ ದೀಪ ಹತ್ತಲಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲೂ ಇಲ್ಲ. ಜಾಯಿಂಟ್ ಬಿಚ್ಚಿ ತಂತಿಯನ್ನು ಮತ್ತೆ ನನ್ನ ಕೈಯಲ್ಲಿಟ್ಟ. ಅಷ್ಟೇ.

ಮುಂದೆ ನಾನು ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆಂದು ಬೆಂಗಳೂರು ಸೇರಿದೆ. ಮೊದಲ ವರ್ಷದ ದೀಪಾವಳಿಗೆ ಊರಿಗೆ ಬಂದಾಗ ಅಪ್ಪ ಅಂಗಡಿಯಲ್ಲಿ ಲಕ್ಷ್ಮಿ ಪೂಜೆ ಮುಗಿಸಿ ಕೂತಿದ್ದ. "ಅಲ್ಲಿ ನೀ ಮಾಡೂದರ ಏನು, ತಮ್ಮಾ?" ಎಂದು ಕೇಳಿದ.

ನಾನು ಯೋಚಿಸಿ, "ತಂತಿ ಮಾಡತೇನಿ" ಅಂದೆ.

ಅವನ ಮುಖ ಅರಳಿತು. "ಯಾವ ಗೇಜಿಂದು?"

ನನಗೆ ನಗು ಬಂತು, ಉತ್ತರ ಬರಲಿಲ್ಲ. ಅವನ ಕಪಾಟಿನಲ್ಲಿದ್ದ 22 ಗೇಜಿನ ತಂತಿಯ ದಪ್ಪ ಸುಮಾರು 0.71 ಮಿಲಿಮೀಟರ್. ನನ್ನ ತಂತಿಯ ಉದ್ದವೇ ಎರಡು ನ್ಯಾನೊಮೀಟರ್. ಅಂಥ ಮೂರೂವರೆ ಲಕ್ಷ ತಂತಿಗಳನ್ನು ತುದಿಗೆ ತುದಿ ಹಚ್ಚಿ ಇಟ್ಟರೆ ಅವನ ಒಂದು ತಂತಿಯ ಅಡ್ಡಳತೆ ತುಂಬುತ್ತದೆ. ಹಾಗೆಂದು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬಾಬಿನ್‌ಗೆ ಹೆಂಗ ಸುತ್ತತೀರಿ?" ಎಂದ. ಸುತ್ತುವುದಿಲ್ಲ, ನಿಲ್ಲಿಸುತ್ತೇವೆ ಅಂದೆ. ಅಷ್ಟರಲ್ಲಿ ಯಾರೋ ಮಿಕ್ಸರ್ ರಿಪೇರಿಗೆ ತಂದರು. ಮಾತು ಅಲ್ಲಿಗೇ ನಿಂತಿತು.

ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಬಂಗಾರದ ಸಣ್ಣ ತಗಡೊಂದನ್ನು ತೊಳೆದು, ತುದಿಯಲ್ಲಿ ಗಂಧಕವಿರುವ ಅಣುಗಳ ದ್ರಾವಣದಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು. ಗಂಧಕಕ್ಕೂ ಬಂಗಾರಕ್ಕೂ ಬಲವಾದ ನಂಟು. ಬೆಳಗಾಗುವುದರೊಳಗೆ ಅಣುಗಳ ಗಂಧಕದ ತುದಿ ಬಂಗಾರಕ್ಕೆ ಕಚ್ಚಿಕೊಂಡು, ಉಳಿದ ಮೈ ಮೇಲೆದ್ದು ನಿಂತಿರುತ್ತದೆ. ಹೊಲದಲ್ಲಿ ಜೋಳ ನಿಂತ ಹಾಗೆ ಒತ್ತೊತ್ತಾಗಿ, ಒಂದೇ ಎತ್ತರ. ಪ್ರತಿ ದಂಟಿನ ತುದಿಯಲ್ಲಿ ತೆನೆ ಇದ್ದಂತೆ ಒಂದು ಲೋಹದ ಪರಮಾಣು ಕೂತಿರುತ್ತದೆ. ಕಬ್ಬಿಣವೋ, ರುಥೇನಿಯಮ್ಮೋ, ಆಸ್ಮಿಯಮ್ಮೋ. ಅದರ ಸುತ್ತ ಇಂಗಾಲ, ಸಾರಜನಕದ ಉಂಗುರಗಳು ಅದನ್ನು ಹಿಡಿದುಕೊಂಡಿರುತ್ತವೆ. ಇದಕ್ಕೆ ಲೋಹ ಸಂಕೀರ್ಣ ಎನ್ನುತ್ತಾರೆ.

ಈ ಲೋಹದ ಗುಣವೆಂದರೆ ಅದು ಒಂದು ಎಲೆಕ್ಟ್ರಾನನ್ನು ಕೊಟ್ಟೂ ಬದುಕುತ್ತದೆ, ಮರಳಿ ಪಡೆದೂ ಬದುಕುತ್ತದೆ. ಕೊಟ್ಟರೆ ಉತ್ಕರ್ಷಣ, ಪಡೆದರೆ ಅಪಕರ್ಷಣ. ತುಕ್ಕು ಹಿಡಿಯುವಾಗ ಕಬ್ಬಿಣ ಕೊಟ್ಟು ಹಾಳಾಗುತ್ತದೆ. ಉಂಗುರಗಳ ನಡುವೆ ಕೂತಾಗ ಮಾತ್ರ ಅದು ಸಾವಿರ ಸಲ ಕೊಟ್ಟು ತೆಗೆದುಕೊಂಡರೂ ಆಕಾರ ಕೆಡಿಸಿಕೊಳ್ಳುವುದಿಲ್ಲ. ಇಂಥ ಅಣುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಫೆರೊಸೀನ್. 1951ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕೀಲಿ ಮತ್ತು ಪಾಸನ್ ಎಂಬಿಬ್ಬರು ಬೇರೆ ಏನನ್ನೋ ಮಾಡಲು ಹೋಗಿ ಕಿತ್ತಳೆ ಬಣ್ಣದ ಹರಳು ಪಡೆದರು. ಐದು ಇಂಗಾಲಗಳ ಎರಡು ಉಂಗುರ, ನಡುವೆ ಒಂದು ಕಬ್ಬಿಣ. ಎರಡು ರೊಟ್ಟಿಯ ನಡುವೆ ಬೆಲ್ಲದ ಹೆಂಟೆ ಇಟ್ಟಂತೆ ಎಂಬುದು ಮುಂದಿನ ವರ್ಷ ತಿಳಿಯಿತು. ಆ ಬಗೆಯ ಅಣುಗಳ ಕೆಲಸಕ್ಕೆ ಫಿಷರ್ ಮತ್ತು ವಿಲ್ಕಿನ್ಸನ್ ಅವರಿಗೆ 1973ರಲ್ಲಿ ನೊಬೆಲ್ ಬಂತು.

ಬಂಗಾರದ ಮೇಲೆ ಬೆಳೆ ಸರಿಯಾಗಿ ನಿಂತಿದೆಯೋ ಇಲ್ಲವೋ ನೋಡಲು ನಮ್ಮ ಹತ್ತಿರವೂ ಒಂದು ಸೀರೀಸ್ ಲ್ಯಾಂಪ್ ಇದೆ. ತಗಡನ್ನು ಉಪ್ಪಿನ ದ್ರಾವಣದಲ್ಲಿ ಇಳಿಬಿಟ್ಟು ವೋಲ್ಟೇಜನ್ನು ನಿಧಾನ ಏರಿಸಿ, ಅಷ್ಟೇ ನಿಧಾನ ಇಳಿಸುತ್ತೇವೆ. ಏರುವಾಗ ಒಂದು ಹಂತದಲ್ಲಿ ಕಬ್ಬಿಣಗಳೆಲ್ಲ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಪರದೆಯ ಮೇಲಿನ ಗೆರೆಯಲ್ಲಿ ಒಂದು ಉಬ್ಬು ಮೂಡುತ್ತದೆ. ಇಳಿಯುವಾಗ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೆಳಮುಖವಾಗಿ ಇನ್ನೊಂದು. ಉಬ್ಬಿನ ಕೆಳಗಿನ ವಿಸ್ತೀರ್ಣ ಅಳೆದರೆ ಎಷ್ಟು ಅಣುಗಳು ನಿಂತಿವೆ ಎಂಬ ಲೆಕ್ಕ ಸಿಗುತ್ತದೆ. ಅಂತೂ ಸುತ್ತು ಎಣಿಸುವ ಕೆಲಸ ನನ್ನನ್ನು ಬಿಡಲಿಲ್ಲ.

ಎಲೆಕ್ಟ್ರಾನ್ ಬಂಗಾರದಿಂದ ಲೋಹಕ್ಕೆ ಹೇಗೆ ದಾಟುತ್ತದೆ ಎಂಬುದು ನಮ್ಮ ವಿಷಯದ ಮೂಲ ಪ್ರಶ್ನೆ. ನಡುವಿನ ದಂಟು ಮೇಣದಂಥ ಇಂಗಾಲದ ಸರಪಳಿಯಾಗಿದ್ದರೆ ಅದು ನಿಜಕ್ಕೂ ಎನಾಮಲ್ಲಿನ ಹಾಗೆ ತಡೆ. ಎಲೆಕ್ಟ್ರಾನ್ ಒಂದೇ ನೆಗೆತಕ್ಕೆ ಆಚೆ ಹೋಗಬೇಕು. ಸರಪಳಿಗೆ ಒಂದು ಇಂಗಾಲ ಸೇರಿಸಿದರೆ ದಾಟುವ ವೇಗ ಸುಮಾರು ಮೂರನೇ ಒಂದಕ್ಕೆ ಕುಸಿಯುತ್ತದೆ. ಇನ್ನೊಂದು ಸೇರಿಸಿದರೆ ಅದರ ಮೂರನೇ ಒಂದು. ಬಲುಬೇಗ ಎಲ್ಲ ನಿಂತೇಹೋಗುತ್ತದೆ. ದಂಟಿನುದ್ದಕ್ಕೂ ಲೋಹದ ಸಂಕೀರ್ಣಗಳನ್ನೇ ಒಂದರ ಮೇಲೊಂದು ಪೋಣಿಸಿದರೆ ಕಥೆ ಬೇರೆ. ಮನೆಗೆ ಸ್ಲ್ಯಾಬ್ ಹಾಕುವಾಗ ಕೆಳಗಿನಿಂದ ಮಾಳಿಗೆಯವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಯಾರೂ ಎಸೆಯಬೇಕಿಲ್ಲ, ಪಕ್ಕದವನಿಗೆ ಕೊಟ್ಟರೆ ಸಾಕು. ಸಾಲು ಉದ್ದವಾದರೂ ಬುಟ್ಟಿ ಮೇಲೆ ಮುಟ್ಟುತ್ತದೆ. ಟೋಕಿಯೋದ ಹಿರೋಶಿ ನಿಶಿಹಾರ ಅವರ ಗುಂಪು ಇಂಥ ತಂತಿಗಳನ್ನು ಬಂಗಾರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ತೋರಿಸಿತು. ತಗಡನ್ನು ಕಬ್ಬಿಣದ ದ್ರಾವಣದಲ್ಲಿ ಅದ್ದಿ ತೆಗೆ, ಉಂಗುರಗಳಿರುವ ಅಣುವಿನ ದ್ರಾವಣದಲ್ಲಿ ಅದ್ದಿ ತೆಗೆ, ಮತ್ತೆ ಕಬ್ಬಿಣ. ಎಷ್ಟು ಸಲ ಅದ್ದಿದಿರೋ ತಂತಿ ಅಷ್ಟು ಉದ್ದ.

ನಾನೂ ಅಂಥದೇ ಕೆಲಸದಲ್ಲಿ ಮುಳುಗಿದ್ದೆ. ಎರಡನೇ ವರ್ಷದ ಕೊನೆಗೆ ನನ್ನ ಮೊದಲ ಪ್ರಬಂಧದ ಕರಡು ಸಿದ್ಧವಾಯಿತು. ಅದರ ಮೊದಲ ಪ್ಯಾರಾದಲ್ಲಿ ನಮ್ಮ ಕ್ಷೇತ್ರದವರೆಲ್ಲ ಬರೆಯುವ ಒಂದು ವಾಕ್ಯ ನಾನೂ ಬರೆದಿದ್ದೆ: ಇಂಥ ಸಂಕೀರ್ಣಗಳು ಮಧುಮೇಹಿಗಳ ರಕ್ತದ ಸಕ್ಕರೆ ಅಳೆಯುವ ಸಾಧನಗಳಲ್ಲಿ ಬಹಳ ಉಪಯುಕ್ತ.

ಅಪ್ಪನಿಗೆ ಆಗಲೇ ಎಂಟು ವರ್ಷದಿಂದ ಸಕ್ಕರಿ ಬ್ಯಾನಿ ಇತ್ತು.

ಆ ಮಳೆಗಾಲದಲ್ಲಿ ಒಂದು ರಾತ್ರಿ ಫೋನಿನಲ್ಲಿ ಅವ್ವ, "ನಿಮ್ಮಪ್ಪಗ ಕಾಲ ಜೋಮ ಹಿಡಿದಂಗ ಆಗತಾವಂತ, ಚಪ್ಪಲಿ ಕಾಲಾಗಿಂದ ಬಿಚ್ಚಿ ಹೋದ್ರೂ ಗೊತ್ತಾಗವಲ್ದಂತ" ಅಂದಳು. ನಾನು ಲ್ಯಾಬಿನಲ್ಲಿದ್ದೆ. ಪರದೆಯ ಮೇಲೆ ಗೆರೆ ಏರುತ್ತಿತ್ತು. ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂತರೆ ಇನ್ನೇನಾಗುತ್ತದೆ, ಒಂದು ಸ್ಟೂಲ್ ತಗೊಳ್ಳಾಕ ಹೇಳು ಅಂದೆ. ಸಕ್ಕರೆ ಎಷ್ಟಿದೆ ಎಂದು ಕೇಳಲಿಲ್ಲ. ಹಿಂದಿನ ವರ್ಷ ನಾನೇ ಕೊಡಿಸಿದ ಗ್ಲುಕೋಮೀಟರ್ ಜಗಲಿಯ ಮೇಲೆ ದೇವರ ಫೋಟೊದ ಪಕ್ಕ ಪ್ಲಾಸ್ಟಿಕ್ ಹಾಳೆ ಬಿಚ್ಚದೆ ಇತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಒಂದು ಪ್ರಶ್ನೆ ಸಾಕಿತ್ತು.

ಅಂಗಡಿಯಲ್ಲಿ ಲಕ್ಷ್ಮಿಯ ಫೋಟೊ ಇದೆಯೆಂದು ಅಪ್ಪ ಒಳಗೆ ಚಪ್ಪಲಿ ಹಾಕುವುದಿಲ್ಲ. ಜಾಯಿಂಟಿಗೆ ಬೆಸುಗೆ ಹಾಕುವಾಗ ಕಾದ ಸೀಸದ ಹನಿಯೊಂದು ಬಲಗಾಲಿನ ಬೆರಳ ಸಂದಿಗೆ ಬಿದ್ದಿದೆ. ಅವನಿಗೆ ಗೊತ್ತೇ ಆಗಿಲ್ಲ. ಎರಡು ದಿನ ಅದೇ ಕಾಲಿನಲ್ಲಿ ಅಂಗಡಿಗೂ ಸಂತೆಗೂ ಓಡಾಡಿದ್ದಾನೆ. ಮೂರನೇ ದಿನ ಅವ್ವ ಹಾಸಿಗೆ ಮಡಚುವಾಗ ಚಾದರದ ಮೇಲೆ ಕಲೆ ನೋಡಿದಳು. ಅಷ್ಟರಲ್ಲಿ ಗಾಯ ಕೀವು ಹಿಡಿದಿತ್ತು. ಎರಡು ವಾರ ಔಷಧ ಮಾಡಿದರು. ಆಮೇಲೆ ಆ ಕಿರುಬೆರಳನ್ನು ತೆಗೆಯದೆ ಬೇರೆ ದಾರಿಯಿಲ್ಲ ಅಂದರು.

ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಎಚ್ಚರವಾಗಿ ಕೂತು ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಇಳಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಎಡಗಾಲನ್ನು ಪರೀಕ್ಷೆ ಮಾಡುತ್ತಿದ್ದರು. ಅವರ ಕೈಯಲ್ಲಿ ಒಂದು ಹಿಡಿಕೆ, ಅದರ ತುದಿಗೆ ಒಂದು ನೈಲಾನ್ ಎಳೆ. ಎಳೆ ಬಾಗುವಷ್ಟು ಒತ್ತಿದರೆ ಚರ್ಮದ ಮೇಲೆ ಸರಿಯಾಗಿ ಹತ್ತು ಗ್ರಾಮಿನ ಭಾರ ಬೀಳುತ್ತದೆ. ಅಪ್ಪ ಕಣ್ಣು ಮುಚ್ಚಿಕೊಂಡು, ಮುಟ್ಟಿದಾಗಲೆಲ್ಲ ಹಾಂ ಅನ್ನಬೇಕು. ಡಾಕ್ಟರು ಹೆಬ್ಬೆರಳಿಗೆ ಒತ್ತಿದರು, ಅಂಗಾಲಿಗೆ ಒತ್ತಿದರು, ಹಿಮ್ಮಡಿಯ ಹತ್ತಿರ ಒತ್ತಿದರು. ಅಪ್ಪ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ, "ಚಾಲೂ ಮಾಡ್ರಿ, ಸಾಹೇಬ್ರ" ಅಂದ.

ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಪ್ರಬಂಧದ ಮೊದಲ ಪ್ಯಾರಾ ನೆನಪಾಯಿತು. ಅದನ್ನು ನಾಲ್ಕು ಸಲ ತಿದ್ದಿದ್ದೆ, ಅಲ್ಪವಿರಾಮದ ಜಾಗ ಬದಲಿಸಿದ್ದೆ. ಆ ವಾಕ್ಯದಲ್ಲಿದ್ದ ಮಧುಮೇಹಿ ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಪ್ಪ ಮನೆಗೆ ಬಂದ ಮೇಲೆ ನಾನು ಒಂದು ತಿಂಗಳು ಹಳೇ ಹುಬ್ಬಳ್ಳಿಯಲ್ಲೇ ಉಳಿದೆ. ಗ್ಲುಕೋಮೀಟರಿನ ಪ್ಲಾಸ್ಟಿಕ್ ಬಿಚ್ಚಿ ದಿನಾ ಬೆಳಿಗ್ಗೆ ಅವನ ಬೆರಳು ಚುಚ್ಚಿ ಅಳೆಯತೊಡಗಿದೆ. ಮೊದಮೊದಲು ಅವನು ಆ ಕಡೆ ನೋಡುತ್ತಿರಲಿಲ್ಲ. ನಾಲ್ಕನೇ ದಿನವೋ ಐದನೇ ದಿನವೋ, ಬಳಸಿದ ಪಟ್ಟಿಯನ್ನು ಬಿಸಾಡಲು ಹೋದಾಗ "ತಡಿ" ಎಂದ. ಕಿಟಕಿಯ ಬೆಳಕಿಗೆ ಹಿಡಿದು, ಅಂಗಡಿಯಿಂದ ತರಿಸಿದ ಭೂತಗನ್ನಡಿಯಲ್ಲಿ ನೋಡಿದ. ಪಟ್ಟಿಯ ಮೇಲೆ ಹರಿದ ಕಪ್ಪು ಗೆರೆಗಳು ಕಂಡವು. "ಇದರಾಗ ಟ್ರ್ಯಾಕ್ ಅದಾವಲ್ಲೋ. ಒಂದು ಬರೂದು, ಒಂದು ಹೋಗೂದು. ರಕ್ತದಾಗಿನ ಸಕ್ಕರಿಗೂ ಕರೆಂಟಿಗೂ ಏನ್ ಸಂಬಂಧ?"

ಮೂರು ವರ್ಷದಲ್ಲಿ ಅವನು ನನಗೆ ಕೇಳಿದ ಎರಡನೇ ಪ್ರಶ್ನೆ ಅದು. ಈ ಸಲ ಮಿಕ್ಸರ್ ತರುವವರು ಯಾರೂ ಇರಲಿಲ್ಲ.

ನಾನು ಹೇಳಿದೆ. ಪಟ್ಟಿಯ ತುದಿಯಲ್ಲಿ ಒಂದು ಕಿಣ್ವವನ್ನು ಒಣಗಿಸಿ ಇಟ್ಟಿರುತ್ತಾರೆ. ಅನೇಕ ಪಟ್ಟಿಗಳಲ್ಲಿ ಗ್ಲುಕೋಸ್ ಆಕ್ಸಿಡೇಸ್ ಎಂಬುದು. ಅದು ಬೇರೆ ಸಕ್ಕರೆಗಳನ್ನು ಹೆಚ್ಚುಕಡಿಮೆ ಬಿಟ್ಟು ಗ್ಲುಕೋಸನ್ನೇ ಹಿಡಿಯುತ್ತದೆ, ಹಿಡಿದು ಅದರಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆ ಎರಡನ್ನು ಎಣಿಸಿದರೆ ಸಕ್ಕರೆ ಎಷ್ಟಿದೆ ಎಂದು ಗೊತ್ತಾಗುತ್ತದೆ. ತೊಂದರೆ ಏನೆಂದರೆ ಎಲೆಕ್ಟ್ರಾನ್ ಕೂತಿರುವ ಜಾಗ ಕಿಣ್ವದ ನಟ್ಟನಡುವೆ, ಸುತ್ತಲೂ ದಪ್ಪ ಪ್ರೋಟೀನ್. ಎಲೆಕ್ಟ್ರೋಡಿಗೆ ತಾಗಿಸಿಟ್ಟರೂ ಕರೆಂಟ್ ಬರುವುದಿಲ್ಲ.

ಅಪ್ಪ ತಟ್ಟನೆ ಅಂದ, "ಮ್ಯಾಲ ಎನಾಮಲ್ ಐತಿ."

ನಾನು ಸುಮ್ಮನಾದೆ. ಎರಡು ವರ್ಷ ಓದಿದ ವಿಷಯವನ್ನು ಇಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

"ಕೆರೆಯಾಕ ಬರೂದಿಲ್ಲೇನು?"

"ಕೆರೆದರ ಕಿಣ್ವ ಸಾಯತೈತಿ. ಆ ಪ್ರೋಟೀನ್ ಇದ್ದರನ ಅದು ಸಕ್ಕರಿ ಗುರುತು ಹಿಡೀತೈತಿ."

"ಮತ್ತ?"

ಮತ್ತೆ ಎರಡು ದಾರಿಗಳಿವೆ. ಮೊದಲನೆಯದು ಹಮಾಲರ ದಾರಿ. ಲಾರಿ ಹೋಗದ ಸಂದಿಯಲ್ಲಿ ಗೋದಾಮಿದ್ದರೆ ಹಮಾಲರು ಒಳಗೆ ಹೋಗಿ ಚೀಲ ಹೊತ್ತು ತಂದು ಲಾರಿಗೆ ಹಾಕುತ್ತಾರೆ. ಸಣ್ಣ ಲೋಹ ಸಂಕೀರ್ಣವೊಂದು ಕಿಣ್ವದ ಸಂದಿಯೊಳಗೆ ನುಗ್ಗಿ, ಎಲೆಕ್ಟ್ರಾನ್ ಹೊತ್ತು, ಎಲೆಕ್ಟ್ರೋಡಿಗೆ ಇಳಿಸಿ ಮತ್ತೆ ಒಳಗೆ ಓಡುತ್ತದೆ. ಕೆಲವು ಪಟ್ಟಿಗಳಲ್ಲಿ ಈ ಹಮಾಲ ಫೆರಿಸಯನೈಡ್, ಅಂದರೆ ಒಂದು ಕಬ್ಬಿಣದ ಸುತ್ತ ಆರು ಸಯನೈಡ್ ಗುಂಪುಗಳು. ಕಿಣ್ವವನ್ನು ಎಲೆಕ್ಟ್ರೋಡಿಗೆ ಕೂಡಿಸಿ ಸಕ್ಕರೆ ಅಳೆಯಬಹುದೆಂದು 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ತೋರಿಸಿದ್ದರು; ಅವರು ನೆಚ್ಚಿದ್ದು ಆಮ್ಲಜನಕವನ್ನು. 1984ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡಿನವರು ಅದರ ಬದಲು ಫೆರೊಸೀನನ್ನು ಹಮಾಲನನ್ನಾಗಿ ಹಚ್ಚಿದರು. ಮೂರು ವರ್ಷದಲ್ಲಿ ಪೆನ್ನಿನಾಕಾರದ ಮೀಟರ್ ಅಂಗಡಿಗೆ ಬಂತು. ಆಸ್ಪತ್ರೆಯಲ್ಲಿದ್ದ ಪರೀಕ್ಷೆ ಜನರ ಕಿಸೆಗೆ ಬರಲು ಆ ಕಿತ್ತಳೆ ಹರಳೂ ಒಂದು ಕಾರಣ.

ಎರಡನೆಯದು ತಂತಿ ಎಳೆಯುವ ದಾರಿ. ಅಮೆರಿಕದ ಟೆಕ್ಸಸ್ಸಿನಲ್ಲಿ ಆ್ಯಡಂ ಹೆಲ್ಲರ್ ಎಂಬ ವಿಜ್ಞಾನಿ, ಹಮಾಲ ಓಡಾಡುವುದೇ ಬೇಡ ಅಂದರು. ಉದ್ದನೆಯ ಪಾಲಿಮರ್ ಎಳೆಯೊಂದಕ್ಕೆ ಆಸ್ಮಿಯಂ ಸಂಕೀರ್ಣಗಳನ್ನು ಅಲ್ಲಲ್ಲಿ ಕಟ್ಟಿ, ಆ ಎಳೆಗಳ ಜಾಲದಲ್ಲಿ ಕಿಣ್ವವನ್ನು ಸುತ್ತಿ ಎಲೆಕ್ಟ್ರೋಡಿನ ಮೇಲೆ ಕೂಡಿಸಿದರು. ಎಲೆಕ್ಟ್ರಾನ್ ಆಸ್ಮಿಯಮ್ಮಿನಿಂದ ಆಸ್ಮಿಯಮ್ಮಿಗೆ ದಾಟುತ್ತ ಹೊರಗೆ ಬರುತ್ತದೆ. ಕಿಣ್ವಕ್ಕೆ ವೈರಿಂಗ್ ಮಾಡುವುದು ಎಂದೇ ಅವರು ಇದನ್ನು ಕರೆದರು. 1996ರಲ್ಲಿ ಅವರ ಮಗ ಎಫ್ರಾಯಿಂ ಹೆಲ್ಲರ್ ಥೆರಾಸೆನ್ಸ್ ಎಂಬ ಕಂಪನಿ ಶುರುಮಾಡಿದರು. ಹತ್ತು ಲಕ್ಷ ಹನಿ ಸೇರಿದರೂ ಲೀಟರಿನ ಮೂರನೇ ಒಂದು ಭಾಗ ತುಂಬದಷ್ಟು ಸಣ್ಣ ರಕ್ತದ ಹನಿಯಲ್ಲಿ ಅವರ ಮೀಟರ್ ಸಕ್ಕರೆ ಅಳೆಯುತ್ತಿತ್ತು. ಇವತ್ತು ತೋಳಿಗೆ ಅಂಟಿಸಿಕೊಂಡು ಹದಿನಾಲ್ಕು ದಿನ ಇಡುವ ಸೆನ್ಸರ್ ಬಂದಿದೆಯಲ್ಲ, ಅದರ ಬೇರು ಈ ಆಸ್ಮಿಯಂ ತಂತಿಯಲ್ಲೇ ಇದೆ.

ಅಪ್ಪ ಕೇಳುತ್ತ ಕೇಳುತ್ತ ಪಟ್ಟಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದ. "ಅಪ್ಪ ತಂತಿ ಮಾಡಿದ, ಮಗ ಅಂಗಡಿ ತೆಗದ" ಅಂದ. ನಕ್ಕ. ನಾನೂ ನಕ್ಕೆ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆಮೇಲೆ ಕೇಳಿದ, "ಅಲ್ಲ ತಮ್ಮಾ, ರಕ್ತದಾಗಿನ ಸಕ್ಕರಿ ಸುದ್ದಿ ಹೊರಗ ತರಾಕ ಇಷ್ಟೆಲ್ಲಾ ವೈರಿಂಗ್ ಮಾಡ್ಯಾರ. ನನ್ನ ಕಾಲ ಸುಟ್ಟದ್ದು ನನಗ ಯಾಕ ಗೊತ್ತಾಗಲಿಲ್ಲ?"

ನರ ತಾಮ್ರದ ತಂತಿಯಲ್ಲ, ನನ್ನ ಅಣುಗಳ ತಂತಿಯೂ ಅಲ್ಲ. ಅದರಲ್ಲಿ ಹರಿಯುವುದು ಉಪ್ಪಿನ ಅಯಾನುಗಳ ಅಲೆ. ಆದರೆ ಅದಕ್ಕೂ ಹೊದಿಕೆ ಇದೆ, ಅದಕ್ಕೂ ದಿನವಿಡೀ ಆಹಾರ ಬೇಕು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿದ್ದರೆ ನರವೂ ಕೆಡುತ್ತದೆ, ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೂ ಕೆಡುತ್ತವೆ. ಎಲ್ಲಕ್ಕಿಂತ ಮೊದಲು ಏಟು ಬೀಳುವುದು ಅತಿ ಉದ್ದದ ನರಗಳಿಗೆ. ಬೆನ್ನುಹುರಿಯ ಪಕ್ಕದಿಂದ ಕಾಲ್ಬೆರಳಿನವರೆಗೆ ಒಂದೇ ಜೀವಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದ ಇರುತ್ತದೆ.

ಅಪ್ಪನಿಗೆ ವಿವರಿಸಬೇಕಾಗಲಿಲ್ಲ. "ಲೈನಿನ ಕಟ್ಟಕಡೀ ಹೊಲದಾಗಿನ ಮೋಟರ್ ಮದಲ ಸುಡತೈತಿ" ಅಂದ. "ನಲವತ್ತು ವರ್ಷ ನೋಡೇನಿ. ಟೀಸಿ ಬಾಜೂ ಇದ್ದಾಂವಗ ವೋಲ್ಟೇಜ್ ಬರೋಬ್ಬರಿ, ದೂರ ಇದ್ದಾಂವಗ ಇಲ್ಲ." ಸ್ವಲ್ಪ ತಡೆದು, "ಇದನ್ನ ರೀವೈಂಡಿಂಗ್ ಮಾಡಾಕ ಬರತೈತೇನು?" ಎಂದ.

ಬರುವುದಿಲ್ಲ ಎಂದು ಹೇಳಬೇಕಿತ್ತು. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಇನ್ನಷ್ಟು ಕೆಡುವುದನ್ನು ನಿಧಾನಿಸಬಹುದು, ಹೋದದ್ದನ್ನು ಮರಳಿ ತರುವುದು ಕಷ್ಟ. ಹಾಗಂತಲೇ ಹೇಳಿದೆ. ಮತ್ತೆ, ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನೂ ಹೇಳಿದೆ. ಅವ್ವ ಫೋನ್ ಮಾಡಿದ ದಿನವೇ ಕಾಲು ತೋರಿಸಾಕ ಹೇಳಬೇಕಿತ್ತು. ನನಗ ಗೊತ್ತಿತ್ತು, ಓದಿದ್ದೆ. ಕೇಳಲಿಲ್ಲ.

ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ. ಓಣಿಯಲ್ಲಿ ಸಂತೆಯ ಗಾಡಿಯೊಂದು ಮೈಕಿನಲ್ಲಿ ಉಳ್ಳಾಗಡ್ಡಿ ಧಾರಣಿ ಕೂಗುತ್ತ ಹೋಯಿತು. "ಮೀಟರ್ ನೀ ಕೊಡಿಸಿದ್ದಿ. ಬಿಚ್ಚಿದ್ದಿಲ್ಲ ನಾ" ಅಂದ. ಅದು ಕ್ಷಮೆಯೋ, ತನ್ನ ಪಾಲನ್ನು ತಾನು ಒಪ್ಪಿಕೊಂಡದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಎದ್ದು ನಿಲ್ಲಲು ಕೈ ಚಾಚಿದ. ನಾನು ಹಿಡಿದುಕೊಂಡೆ.

ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸ ಆ ವಾಕ್ಯವನ್ನು ಪ್ರಬಂಧದಿಂದ ತೆಗೆದದ್ದು. ಅದು ಸುಳ್ಳೇನಲ್ಲ. ಅದನ್ನು ಬರೆಯುವ ಹಕ್ಕು ನನಗಿನ್ನೂ ಬಂದಿಲ್ಲ ಅನಿಸಿತು. ಪರೀಕ್ಷಕರು, ಉಪಯೋಗದ ಬಗ್ಗೆ ಒಂದು ಮಾತು ಸೇರಿಸಿ ಎಂದು ಟಿಪ್ಪಣಿ ಬರೆದರು. ಮತ್ತೆ ಸೇರಿಸಿದೆ. ಈ ಸಲ ಒಂದೊಂದು ಶಬ್ದವೂ ಭಾರವಾಗಿತ್ತು.

ಈ ಅಣುಗಳಿಂದ ಈಗ ಸಕ್ಕರೆ ಅಳೆಯುವುದಕ್ಕಿಂತ ದೊಡ್ಡ ಕೆಲಸಗಳು ನಡೆದಿವೆ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ, ರುಥೇನಿಯಂ ಸಂಕೀರ್ಣದ ತೆಳು ಪದರವನ್ನು ಎಲೆಕ್ಟ್ರೋಡುಗಳ ನಡುವೆ ಇಟ್ಟು, ಮೆದುಳಿನ ಹಾಗೆ ಲೆಕ್ಕವನ್ನೂ ನೆನಪನ್ನೂ ಒಂದೇ ಜಾಗದಲ್ಲಿ ಮಾಡುವ ಸಾಧನವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ನಮ್ಮ ಕಂಪ್ಯೂಟರಿನ ಸ್ವಿಚ್ಚಿಗೆ ಎರಡೇ ಸ್ಥಿತಿ, ಸೊನ್ನೆ ಮತ್ತು ಒಂದು. ಈ ಪದರ 16 ಸಾವಿರಕ್ಕೂ ಹೆಚ್ಚು ಬೇರೆ ಬೇರೆ ಸ್ಥಿತಿಗಳಲ್ಲಿ ನಿಲ್ಲಬಲ್ಲದು. ಆ ಅಣುವನ್ನು ರೂಪಿಸಿದವರು ಶ್ರೀತೋಷ್ ಅವರ ತಂದೆ, ರಸಾಯನಶಾಸ್ತ್ರಜ್ಞ ಶ್ರೀಬ್ರತ ಗೋಸ್ವಾಮಿ. ಇದನ್ನು ಓದಿದ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ತಂತಿ ಅಪ್ಪಂದು, ಮಷಿನ್ ಮಗಂದು ಅಂದೆ. "ಹಂಗ ಇರಬೇಕ" ಅಂದ. ಒಂದು ಕ್ಷಣ ಬಿಟ್ಟು, "ನಮ್ಮಲ್ಲಿ ಎರಡೂ ಕಡೆ ತಂತೀನ ಆತು, ಮಷಿನ್ ಇಲ್ಲ" ಅಂದ.

ಅಪ್ಪ ಈಗ ಅಂಗಡಿಯಲ್ಲಿ ಕ್ಯಾನ್ವಾಸ್ ಬೂಟು ಹಾಕುತ್ತಾನೆ. ಲಕ್ಷ್ಮಿಯ ಫೋಟೊ ಇನ್ನೂ ಒಂದು ಮೊಳ ಮೇಲೆ ಹೋಗಿದೆ. ಸ್ಟೂಲ್ ಬಂದಿದೆ. ಬೆಸುಗೆಯ ಕೆಲಸಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾನೆ. ರಜಿಸ್ಟರಿನ ಕೊನೆಯ ಹಾಳೆಗಳಲ್ಲಿ ತನ್ನ ಹೆಸರು ಬರೆದು, ಮೋಟರುಗಳಿಗೆ ಹಾಕುವಂತೆಯೇ ಕಾಲಂ ಎಳೆದು, ದಿನಾಂಕ, ಊಟಕ್ಕೆ ಮೊದಲು, ಊಟದ ನಂತರ, ಷರಾ ಎಂದು ತುಂಬಿಸುತ್ತಾನೆ. ಪ್ರತಿ ಭಾನುವಾರ ಆ ಹಾಳೆಯ ಫೋಟೊ ನನ್ನ ವಾಟ್ಸಾಪಿಗೆ ಬರುತ್ತದೆ. ಒಂದು ಭಾನುವಾರ ಊಟದ ನಂತರದ ಅಂಕಿ 260 ಇತ್ತು. ಷರಾದಲ್ಲಿ "ಹೋಳಿಗಿ, 2" ಎಂದಿತ್ತು.

ಊರಿಗೆ ಹೋದಾಗಲೆಲ್ಲ ನಾನು ಅವನ ಕಾಲು ನೋಡುತ್ತೇನೆ. ಸ್ಟೂಲಿನ ಮೇಲೆ ಕಾಲಿಡಿಸಿ, ಟಾರ್ಚು ಹಿಡಿದು ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿ, ಆಮೇಲೆ ಬೆಂಗಳೂರಿನಿಂದ ತಂದ ನೈಲಾನ್ ಎಳೆಯಿಂದ ಒಂದೊಂದೇ ಜಾಗ ಒತ್ತುತ್ತೇನೆ. ಅವನು ಕಣ್ಣು ಮುಚ್ಚಿಕೊಂಡಿರುತ್ತಾನೆ. ಮೊಣಕಾಲ ಕೆಳಗೆ ಹಾಂ ಅನ್ನುತ್ತಾನೆ. ಹರಡಿನ ಹತ್ತಿರ ಹಾಂ ಅನ್ನುತ್ತಾನೆ. ಅಲ್ಲಿಂದ ಕೆಳಗೆ ಓಣಿಯ ಸದ್ದು ಮಾತ್ರ.

ಹೋದ ತಿಂಗಳು ಹೆಬ್ಬೆರಳಿಗೆ ಎಳೆ ಒತ್ತಿ ಹಿಡಿದಿದ್ದೆ. ಎಳೆ ಬಾಗಿತ್ತು.

"ಮುಟ್ಟೀಯೇನು?" ಎಂದ.

ಇನ್ನೂ ಇಲ್ಲ ಅನ್ನಬಹುದಿತ್ತು. ಆದರೆ ದೀಪ ಹತ್ತದಿದ್ದರೆ ಹತ್ತಿಲ್ಲ ಎಂದೇ ಹೇಳುವ ಅಂಗಡಿಯಲ್ಲಿ ಬೆಳೆದವನು ನಾನು. "ಹೂಂ, ಮುಟ್ಟೇನಿ" ಅಂದೆ.

ಅಪ್ಪ ಕಣ್ಣು ಬಿಟ್ಟು, ಪಕ್ಕದಲ್ಲಿದ್ದ ರಜಿಸ್ಟರ್ ಎಳೆದುಕೊಂಡ. ಷರಾದ ಕಾಲಂನಲ್ಲಿ ನಿಧಾನವಾಗಿ ಬರೆದ: ಬಲಗಾಲು, ಹೆಬ್ಬೆರಳು, ಸಪ್ಲೈ ಇಲ್ಲ. ಮಗ ನೋಡಿದ್ದಾನೆ.